ಕೃತಜ್ಞತೆಯ ಪುಟದಲ್ಲಿ ಇಲ್ಲದ ನಾಲ್ವರು

ಇಸವಿ ೨೩೧೪, ಹದಿಮೂರನೆಯ ತಿಂಗಳು, ನಾಲ್ಕನೆಯ ದಿನ
ಗೂಡುಗೋಪುರ, ಕೋಣೆ ೩೭

ಮೆಹಬೂಬಿ, ಸಾವಂತ್ರಿ, ದ್ಯಾಮಣ್ಣ ಮತ್ತು ಫಕೀರೇಶ ಅವರಿಗೆ,

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ಒಂದೊಂದಕ್ಕೂ ಇಪ್ಪತ್ತೆಂಟೇ ದಿನ. ಉಳಿಯುವ ಒಂದು ದಿನವನ್ನು ಯಾವ ತಿಂಗಳಿಗೂ ಸೇರಿಸದೆ ಹಾಗೇ ಬಿಟ್ಟಿದ್ದೇವೆ. ಆ ದಿನ ಊರೆಲ್ಲ ಮಲಗಿರುತ್ತದೆ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಭಾಷೆಯನ್ನು ನಾನು ಎರಡೇ ಕಡೆಯಿಂದ ಕಲಿತದ್ದು: ಒಂದು, ನಿಮ್ಮ ಪಿಎಚ್.ಡಿ. ಪ್ರಬಂಧಗಳು, ಇನ್ನೊಂದು, ನೀವು ಒಬ್ಬರಿಗೊಬ್ಬರು ಕಳಿಸಿಕೊಂಡ ಮೆಸೇಜುಗಳು. ಹಾಗಾಗಿ ನನಗೆ ಬರುವುದು "ಪ್ರಸ್ತುತ ಅಧ್ಯಯನದ ವ್ಯಾಪ್ತಿಯಲ್ಲಿ" ಎನ್ನುವುದು, ಇಲ್ಲವೇ "ಏನಲೇ, ಸತ್ತಿಯೇನು, ರಿಪ್ಲೈ ಮಾಡು" ಎನ್ನುವುದು. ಇವೆರಡರ ನಡುವೆ ಜನ ಹೇಗೆ ಮಾತಾಡುತ್ತಿದ್ದರೋ ನನಗೆ ಗೊತ್ತಿಲ್ಲ. ಇನ್ನೊಂದು ತೊಡಕು: ನೀವು ನನಗಿಂತ ಸುಮಾರು ಮುನ್ನೂರು ವರ್ಷ ಹಿರಿಯರು, ಆದರೆ ಈ ಓಲೆ ಓದುವ ಹೊತ್ತಿಗೆ ನಿಮಗೆಲ್ಲ ಮೂವತ್ತರ ಆಸುಪಾಸು. ನನಗೆ ಮೂವತ್ತನಾಲ್ಕು. ಫಕೀರೇಶನನ್ನು ಅಣ್ಣ ಎನ್ನಬೇಕೋ ತಮ್ಮ ಎನ್ನಬೇಕೋ ಎಂದು ಮೂರು ದಿನ ಯೋಚಿಸಿ, ಕೊನೆಗೆ ಬರಿಯ ಹೆಸರನ್ನೇ ಬರೆದಿದ್ದೇನೆ.

ಇದು ಹಿಂದೋಲೆ. ಎಂದರೆ ಹಿಂದಿನ ಕಾಲಕ್ಕೆ ಹೋಗುವ ಓಲೆ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಬದುಕಿನಲ್ಲಿ ಒಂದೇ ಸಲ ಕಳಿಸುವ ಅವಕಾಶ ಇದೆ, ಉತ್ತರ ಬರುವುದಿಲ್ಲ. ಹೆಚ್ಚಿನವರು ತೀರಿಕೊಂಡ ಅಜ್ಜಿಗೆ ಬರೆದು ಮನಸ್ಸು ಹಗುರ ಮಾಡಿಕೊಳ್ಳುತ್ತಾರೆ. ನಮ್ಮವ್ವನಿಗೆ ನಾನು ಅಪರಿಚಿತರಾದ ನಾಲ್ವರಿಗೆ ಬರೆದೆನೆಂದು ಗೊತ್ತಾದರೆ ಜನ್ಮವಿಡೀ ಆಡಿಕೊಳ್ಳುತ್ತಾಳೆ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ನನ್ನ ಪ್ರಬಂಧ ಒಪ್ಪಿಸಲು ಇನ್ನು ಇಪ್ಪತ್ತನಾಲ್ಕು ದಿನ ಉಳಿದಿದೆ, ನಾನು ಬರೆದ ಮೂರು ಅಧ್ಯಾಯಗಳೂ ಸುಳ್ಳೆಂದು ತಿಳಿದುಹೋಗಿದೆ, ಮತ್ತು ಇದನ್ನು ಹೇಳಿಕೊಳ್ಳಲು ನನಗೆ ಒಂದು ಪ್ರಾಣಿಯೂ ಇಲ್ಲ.

ಇಲ್ಲ ಎಂದರೆ ಕಾನೂನಿನಲ್ಲೇ ಇಲ್ಲ. ನಮ್ಮಲ್ಲಿ ಸಂಶೋಧನೆಯ ಕೊನೆಯ ವರ್ಷವನ್ನು ಮೌನವರ್ಷ ಎನ್ನುತ್ತಾರೆ. ಆ ವರ್ಷ ಅಭ್ಯರ್ಥಿಗಳು ಗೂಡುಗೋಪುರದಲ್ಲಿ ಒಬ್ಬೊಬ್ಬರೇ ಇರಬೇಕು. ಅರವತ್ತನಾಲ್ಕು ಕೋಣೆ, ಕೋಣೆಗೊಂದು ಮೇಜು, ಒಂದು ಕಿಟಕಿ. ಊಟ ಗೋಡೆಯೊಳಗಿನ ತಟ್ಟೆಹಳಿಯ ಮೇಲೆ ಉರುಳಿಕೊಂಡು ಬರುತ್ತದೆ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ನಿಮ್ಮ ಕಾಲದ್ದೇ. ಗೋಡೆಯಲ್ಲಿ ಕೂತಿರುವ ಸದ್ದುಗಾವಲು ಎಂಬ ಯಂತ್ರ ಇಡೀ ದಿನ ನಮ್ಮ ಮಾತು ಕೇಳುತ್ತಿರುತ್ತದೆ. ಬದುಕಿರುವ ಯಾರೊಡನೆಯೂ ಪ್ರಬಂಧದ ಬಗ್ಗೆ ಒಂದು ಮಾತು ಆಡಿದರೂ ಆ ವರ್ಷ ರದ್ದು, ಇನ್ನೊಂದು ವರ್ಷ ಕೊಡುವುದಿಲ್ಲ. ನೀವು ತೀರಿಕೊಂಡು ಬಹಳ ಕಾಲವಾಗಿರುವುದರಿಂದ ನಿಮಗೆ ಬರೆಯಲು ಅಡ್ಡಿಯಿಲ್ಲ ಎಂದು ನಿಯಮವನ್ನು ನಾಲ್ಕು ಸಲ ಓದಿ ಖಚಿತ ಮಾಡಿಕೊಂಡಿದ್ದೇನೆ. ಹೀಗೆ ಹೇಳಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಮೊಗಸಾಲೆಯಲ್ಲಿ ಎದುರಾದವರಿಗೆ "ಊಟ ಆಯ್ತಾ" ಎಂದು ಕೇಳುವುದಕ್ಕೆ ಮಾತ್ರ ಅನುಮತಿ ಇದೆ, "ಆಯ್ತು" ಎನ್ನುವುದೊಂದೇ ಉತ್ತರ. ಮೊನ್ನೆ ಮೂವತ್ತೊಂಬತ್ತನೆಯ ಕೋಣೆಯ ಹುಡುಗಿಗೆ ಕೇಳಿದೆ. ಅವಳು "ಆಯ್ತು" ಎಂದಳು, ಎಂದವಳು ಗೋಡೆಗೆ ಹಣೆ ಒತ್ತಿ ಬಿಕ್ಕಿಬಿಕ್ಕಿ ಅತ್ತಳು. ನಾನು ಮತ್ತೊಮ್ಮೆ "ಊಟ ಆಯ್ತಾ" ಎಂದೆ.

ಇಂಥ ನಿಯಮ ಯಾಕೆ ಬಂತು ಎಂದು ಹೇಳಬೇಕು, ಯಾಕೆಂದರೆ ಅದಕ್ಕೆ ಕಾರಣ ನೀವು. ನಿಮ್ಮ ನಂತರ ನೂರು ಚಿಲ್ಲರೆ ವರ್ಷಕ್ಕೆ ದೊಡ್ಡ ಅಳಿಕೆ ಎಂಬುದು ನಡೆಯಿತು. ಯಂತ್ರಗಳಲ್ಲಿ ತುಂಬಿಟ್ಟಿದ್ದ ಬರಹವೆಲ್ಲ ಒಂದೇ ದಿನ ಅಳಿಸಿಹೋಯಿತು, ಕಾಗದದಲ್ಲಿದ್ದದ್ದು ಮಾತ್ರ ಉಳಿಯಿತು. ನಿಮ್ಮ ಕಾಲದ ಪ್ರಬಂಧಗಳಲ್ಲಿ ನಮಗೆ ಸಿಕ್ಕಿದ್ದು ನಿಮ್ಮ ಸಮಾಜಶಾಸ್ತ್ರ ವಿಭಾಗದ ಒಂದು ಕಪಾಟು, ಅದರಲ್ಲಿ ರಟ್ಟು ಕಟ್ಟಿದ ಹತ್ತೊಂಬತ್ತು ಪ್ರಬಂಧ. ಆಮೇಲೆ ಒಂದು ಸಮಿತಿ ಕೂತು, ಒಳ್ಳೆಯ ಪ್ರಬಂಧ ಹೇಗೆ ಹುಟ್ಟುತ್ತದೆ ಎಂದು ಪತ್ತೆ ಮಾಡಲು ಆ ಹತ್ತೊಂಬತ್ತರ ಕೃತಜ್ಞತೆಯ ಪುಟಗಳನ್ನು ಸಾಲಾಗಿ ಓದಿತು. ಗೈಡ್ ಇದ್ದಾರೆ, ತಂದೆತಾಯಿ ಇದ್ದಾರೆ, ಮನೆದೇವರು, ಗ್ರಂಥಪಾಲಕರು, ಡಿಟಿಪಿ ಮಾಡಿದವರು, ಬೈಂಡಿಂಗ್‌ನವರು ಇದ್ದಾರೆ. ಒಬ್ಬರಂತೂ ತಮ್ಮ ಮೋಟಾರ್ ಸೈಕಲ್ಲಿಗೂ ಋಣಿಯಾಗಿದ್ದಾರೆ. ಜೊತೆಯ ಸಂಶೋಧನಾ ವಿದ್ಯಾರ್ಥಿಯ ಹೆಸರು ಒಂದೇ ಒಂದು ಪುಟದಲ್ಲೂ ಇಲ್ಲ. ಸಮಿತಿ ತೀರ್ಮಾನಕ್ಕೆ ಬಂತು: ಅಂದಿನ ಸಂಶೋಧಕರು ಒಬ್ಬರಿಗೊಬ್ಬರು ಏನನ್ನೂ ತೋರಿಸುತ್ತಿರಲಿಲ್ಲ, ಏನನ್ನೂ ಕೇಳುತ್ತಿರಲಿಲ್ಲ, ಏಕಾಂತದಲ್ಲಿ ಕೂತು ಬರೆದು ಗೆದ್ದರು. ಹಾಗೆ ಗೂಡುಗೋಪುರ ಎದ್ದು ನಿಂತಿತು.

ನನ್ನ ವಿಷಯವೂ ಅದೇ. "ಪ್ರಬಂಧ ರಚನೆಯಲ್ಲಿ ಏಕಾಂತದ ಪಾತ್ರ." ಮೂರು ಅಧ್ಯಾಯಗಳಲ್ಲಿ ನಿಮ್ಮ ಏಕಾಂತವನ್ನು ಹಾಡಿ ಹೊಗಳಿದ್ದೆ. ಬಸ್ ನಿಲ್ದಾಣದ ಹಮಾಲರ ಬಗ್ಗೆ ಬರೆದ ದ್ಯಾಮಣ್ಣ ತಿಂಗಳುಗಟ್ಟಲೆ ಯಾರೊಡನೆಯೂ ಮಾತಾಡಿರಲಾರನೆಂದು ಊಹಿಸಿ ಆರು ಪುಟ ತುಂಬಿಸಿದ್ದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಒಂಬತ್ತನೆಯ ತಿಂಗಳಲ್ಲಿ ಬಳೆಗಾರರ ಬಗೆಗಿನ ಮೆಹಬೂಬಿಯವರ ಪ್ರಬಂಧವನ್ನು ಎರವಲು ತರಿಸಿಕೊಂಡೆ. ತೆಗೆದು ಮೇಜಿನ ಮೇಲೆ ಇಟ್ಟದ್ದೇ ತಡ, ಹಿಂದಿನ ರಟ್ಟು ಬಾಯಿ ಬಿಟ್ಟಿತು. ನಿಮ್ಮ ಊರಿನ ಬೈಂಡಿಂಗ್‌ನವರು ರಟ್ಟು ದಪ್ಪ ಕಾಣಲೆಂದು ಒಳಗೆ ರದ್ದಿ ಕಾಗದ ತುಂಬಿ ಅಂಟಿಸುತ್ತಿದ್ದರಂತೆ. ಆ ರದ್ದಿಯಲ್ಲಿ ನಿಮ್ಮ ಮೆಸೇಜುಗಳ ಪ್ರಿಂಟ್ ಇತ್ತು, ಅರವತ್ತೊಂದು ಹಾಳೆ. ಮೆಹಬೂಬಿಯವರ ಫೋನು ಒಡೆದಿತ್ತೆಂದು ದ್ಯಾಮಣ್ಣ ಎಲ್ಲವನ್ನೂ ಪ್ರಿಂಟ್ ತೆಗೆಸಿ ಕೊಟ್ಟಿದ್ದನೆಂದು ಮೊದಲ ಹಾಳೆಯ ಮೇಲಿನ ಅವನ ಕೈಬರಹದಿಂದ ತಿಳಿಯಿತು, ಅವು ಪ್ರಬಂಧದ ಪ್ರತಿಗಳ ಜೊತೆ ಅಂಗಡಿಗೆ ಹೋಗಿ ಅಲ್ಲೇ ಉಳಿದಿರಬೇಕು. ನಾನು ಅಂಟು ಬಿಡಿಸುತ್ತಾ ಒಂದೊಂದೇ ಹಾಳೆ ಓದಿದೆ. ಹತ್ತನೆಯ ಹಾಳೆಗೆ ಬರುವಾಗ ನನ್ನ ಮೂರು ಅಧ್ಯಾಯಗಳೂ ನೀರಿನಲ್ಲಿ ಹೋಮ ಮಾಡಿದ ಹಾಗಾಗಿದ್ದವು.

ಅಲ್ಲಿಂದ ನನ್ನ ತಲೆ ಕೆಟ್ಟಿದೆ. ಒಂದು ಹಾಳೆಯಲ್ಲಿ ಸಾವಂತ್ರಿ "ಪೀಠಿಕಾ ಕೊನೀಗೆ ಬರೀರಿ" ಎನ್ನುತ್ತಾರೆ. ಅದರ ಕೆಳಗೇ ದ್ಯಾಮಣ್ಣ "ಪೀಠಿಕಾ ಮೊದಲ ಬರಿ, ಇಲ್ಲಂದ್ರ ಎಲ್ಲಿಗೆ ಹೊಂಟೀ ಅಂತ ನಿನಗ ಗೊತ್ತಾಗೂದಿಲ್ಲ" ಎನ್ನುತ್ತಾನೆ. ಫಕೀರೇಶ "ದಿನಾ ಎರಡ ಪುಟ ಬರಿ, ಕೆಟ್ಟದ್ದಾದ್ರೂ ಅಡ್ಡಿಯಿಲ್ಲ" ಎಂದರೆ, ಮೆಹಬೂಬಿ "ಕೆಟ್ಟದ್ದ ಬರದು ನನ್ನ ತಲಿಗೆ ಕಟ್ಟಬ್ಯಾಡೋ ಮಾರಾಯಾ, ತಿದ್ದಿ ತಿದ್ದಿ ಕಣ್ಣು ಹೋದ್ವು" ಎನ್ನುತ್ತಾರೆ. ನಾನು ಇದನ್ನೆಲ್ಲ ಶಿಸ್ತಾಗಿ ಪಾಲಿಸಲು ಹೊರಟೆ. ಒಂದು ವಾರ ಪೀಠಿಕೆ ಮೊದಲು ಬರೆದೆ, ಮರುವಾರ ಕಿತ್ತು ಕೊನೆಗೆ ಹಾಕಿದೆ. ನೀವು ಬುಧವಾರಕ್ಕೊಮ್ಮೆ ಗ್ರಂಥಾಲಯದ ಮುಂದಿನ ಕಟ್ಟೆಯ ಮೇಲೆ ಕೂತು ಅಧ್ಯಾಯ ಅದಲುಬದಲು ಮಾಡಿಕೊಳ್ಳುತ್ತಿದ್ದಿರಿ, ಫಕೀರೇಶ ಪೆನ್ಸಿಲ್ ಹಿಡಿದು ಅಂಚಿನಲ್ಲಿ "ಇಲ್ಲಿ ನಿದ್ದಿ ಬಂತು" ಎಂದು ಬರೆಯುತ್ತಿದ್ದ. ನಾನೂ ಪೆನ್ಸಿಲ್ ಹಿಡಿದು ನನ್ನ ಅಧ್ಯಾಯ ಓದಿದೆ. ಎಲ್ಲಿಯೂ ನಿದ್ದೆ ಬರಲಿಲ್ಲ. ಸ್ವಂತ ಬರಹಕ್ಕೆ ನಿದ್ದೆ ಬರುವುದಿಲ್ಲ ಎಂಬುದು ಅರ್ಥವಾಗಲು ನನಗೆ ಹನ್ನೊಂದು ದಿನ ಬೇಕಾಯಿತು. ಹಳೆಯ ಫಾಂಟಿನಿಂದ ಹೊಸದಕ್ಕೆ ಬದಲಾಯಿಸುವಾಗ ದ್ಯಾಮಣ್ಣನ ಅಧ್ಯಾಯದ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾದಾಗ ಮೆಹಬೂಬಿ ನಲವತ್ಮೂರು ಪುಟ ಕೂತು ಸರಿಮಾಡಿದರಂತೆ. ಅವರದೇ ಪ್ರಬಂಧ ಒಪ್ಪಿಸಲು ಆಗ ಉಳಿದದ್ದು ಐದು ವಾರ. ಯಾಕೆ ಮಾಡಿದರು? ಅದಕ್ಕೆ ಕಾರಣ ಯಾವ ಹಾಳೆಯಲ್ಲೂ ಬರೆದಿಲ್ಲ.

ಇಪ್ಪತ್ತೆಂಟನೆಯ ಹಾಳೆಯನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅಂಗನವಾಡಿ ಟೀಚರುಗಳ ಬಗೆಗಿನ ಮೂರನೆಯ ಅಧ್ಯಾಯವನ್ನು ಗೈಡ್ ಮೂರನೆಯ ಬಾರಿ ತಿರುಗಿಸಿ ಕೊಟ್ಟ ದಿನ ಸಾವಂತ್ರಿ ಬರೆದದ್ದು: "ನಾ ಬಿಡಾಕತ್ತೀನಿ. ನನಗ ಆಗೂದಿಲ್ಲ. ಯಾರೂ ಫೋನ್ ಮಾಡಬ್ಯಾಡ್ರಿ." ಕೆಳಗೆ ಮೆಹಬೂಬಿ: "ಫೋನ್ ಮಾಡೂದಿಲ್ಲ. ಬರಾಕತ್ತೀವಿ. ರೊಟ್ಟಿ ಅದಾವೇನು?" ಮುಂದಿನ ಎರಡು ದಿನ ಒಂದು ಮೆಸೇಜೂ ಇಲ್ಲ. ಮೂರನೆಯ ದಿನ ಸಾವಂತ್ರಿ, ಊರಿಗೆ ಹೋಗಿದ್ದ ಫಕೀರೇಶನಿಗೆ ಹೇಳುತ್ತಾರೆ: "ಮೆಹಬೂಬಿ ಇನ್ನೂರ ಪುಟಾ ಓದಿ ಅರ್ಧಾ ಹೊಡದ ಹಾಕಿದ್ಲು. ದ್ಯಾಮಣ್ಣ ನನಗ ಬರಿ ಅನ್ನಲಿಲ್ಲ, ಟೀಚರ್‌ಗೋಳು ಏನೇನ್ ಹೇಳಿದ್ರು ಹೇಳು ಅಂದ. ನಾ ಹೇಳಿಕೋತ ಹೋದೆ, ಅವ ಟೈಪ್ ಮಾಡಿಕೋತ ಹೋದ. ಅದ ಅಧ್ಯಾಯ ಆತು ನೋಡೋ." ಆ ಅಧ್ಯಾಯ ನನಗೆ ಗೊತ್ತು. ಹತ್ತೊಂಬತ್ತು ಪ್ರಬಂಧಗಳಲ್ಲಿ ಏಕಾಂತ ಸಾಧನೆಗೆ ಅತ್ಯುತ್ತಮ ಉದಾಹರಣೆ ಎಂದು ಸಮಿತಿ ಆಯ್ದುಕೊಂಡದ್ದು ಅದನ್ನೇ. ನಮ್ಮ ಮಕ್ಕಳ ಪಠ್ಯದಲ್ಲೂ ಅದಿದೆ.

ಹಾಗಾದರೆ ಹೆಸರು ಯಾಕಿಲ್ಲ? ಕೊನೆಯ ಹಾಳೆಯಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಮಂಗಳವಾರ ಫಕೀರೇಶ ಬರೆದಿದ್ದಾನೆ: "ಕೃತಜ್ಞತಾ ಪುಟದಾಗ ಯಾರೂ ಯಾರ ಹೆಸರೂ ಹಾಕೂದು ಬ್ಯಾಡ. ನಿಮ್ಮ ಸರ್‌ಗೂ ನಮ್ಮ ಮೇಡಮ್‌ಗೂ ಮಾರಿಗೆ ಮಾರಿ ಆಗಿ ಬರೂದಿಲ್ಲ. ನಾವು ಕೂಡಿ ಓದೇವಿ ಅಂತ ಗೊತ್ತಾದ್ರ ವೈವಾದಾಗ ಇಬ್ಬರೂ ಕೂಡಿ ನಮ್ಮನ್ನ ಸುಲೀತಾರ." ಸಾವಂತ್ರಿ ಕೇಳುತ್ತಾರೆ: "ಹಂಗಂದ್ರ ಹೆಂಗೋ? ಮೂರನೇ ಅಧ್ಯಾಯ ಯಾರದಂತ ಹೇಳಲಿ?" ಫಕೀರೇಶ: "ಹೆಸರೇನ್ ಮಾಡ್ತಿ, ಚಾ ಕುಡಿಸು ಸಾಕು." ಆಮೇಲೆ ಮೂರು ಹೆಬ್ಬೆರಳಿನ ಚಿತ್ರ. ಮೊದಲು ನಾನು ಅದನ್ನು ಸಹಿಯೆಂದು ತಿಳಿದು ನೀವು ಓದುಬರಹ ಬಾರದವರೇ ಎಂದು ಗಾಬರಿಯಾಗಿದ್ದೆ. ಒಪ್ಪಿಗೆ ಎಂದು ಆಮೇಲೆ ತಿಳಿಯಿತು. ಉಳಿದ ಹದಿನೈದು ಮಂದಿಯೂ ಅದೇ ವಿಭಾಗದವರಾದ್ದರಿಂದ ಅವರೂ ಇದೇ ಹೆದರಿಕೆಗೆ ಸುಮ್ಮನಿದ್ದಿರಬೇಕು. ಇಬ್ಬರು ಗೈಡುಗಳ ಮುನಿಸಿನ ಮೇಲೆ ನಮ್ಮ ಗೋಪುರ ನಿಂತಿದೆ ಎಂದು ತಿಳಿದಾಗ ನಾನು ಜೋರಾಗಿ ನಕ್ಕುಬಿಟ್ಟೆ. ಸದ್ದುಗಾವಲು ಎಚ್ಚರಿಕೆಯ ಗಂಟೆ ಬಾರಿಸಿತು.

ನಿಮ್ಮ ಮೇಲೆ ಸಿಟ್ಟೂ ಬರುತ್ತಿದೆ, ಹೇಳಿಬಿಡುತ್ತೇನೆ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಒಂದು ಪುಟದಲ್ಲಿ ಮೂರು ಹೆಸರು ಬಿಟ್ಟದ್ದಕ್ಕೆ ನಾವು ಇಷ್ಟು ತಲೆಮಾರು ಒಬ್ಬೊಬ್ಬರೇ ಕೂತು ಒದ್ದಾಡಿದೆವು. ಪ್ರತಿ ವರ್ಷ ಈ ಗೋಪುರದಿಂದ ಅರ್ಧಕ್ಕರ್ಧ ಜನ ಬರೆಯಲಾಗದೆ ಎದ್ದುಹೋಗುತ್ತಾರೆ. ಅವರಿಗೆ ಬುದ್ಧಿ ಸಾಲದು ಎಂದು ಎಲ್ಲರೂ ತಿಳಿದಿದ್ದಾರೆ. ಅವರೂ ಹಾಗೇ ತಿಳಿದಿದ್ದಾರೆ.

ಈ ಓಲೆ ಆ ಮಂಗಳವಾರದ ಮರುದಿನ, ನೀವು ಕಟ್ಟೆಯ ಮೇಲೆ ಸೇರುವ ಬುಧವಾರ ಬೆಳಿಗ್ಗೆ ತಲುಪುವಂತೆ ಕಳಿಸುತ್ತಿದ್ದೇನೆ. ಪ್ರಬಂಧಗಳು ಇನ್ನೂ ಬೈಂಡಿಂಗ್‌ಗೆ ಹೋಗಿಲ್ಲ. ಹತ್ತೊಂಬತ್ತರಲ್ಲಿ ನಾಲ್ಕು ಸಾಕು. ಸಮಿತಿಯ ವಾದವೆಲ್ಲ "ಒಬ್ಬರೂ ಇಲ್ಲ" ಎಂಬ ಒಂದು ಮಾತಿನ ಮೇಲೆ ನಿಂತಿದೆ. ನೀವು ಹೆಸರು ಬರೆದರೆ ಗೋಪುರವಿಲ್ಲ. ಗೋಪುರವಿಲ್ಲದಿದ್ದರೆ ನಾನು ಇಲ್ಲಿ ಕೂತು ಈ ಓಲೆ ಬರೆಯುವುದಿಲ್ಲ. ಓಲೆ ಬರದಿದ್ದರೆ ನೀವು ಹೆಸರು ಬರೆಯುವುದಿಲ್ಲ. ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ತಲೆ ಸುತ್ತು ಬರುತ್ತದೆ, ನೀರು ಕುಡಿದು ಬಂದು ಮತ್ತೆ ಯೋಚಿಸುತ್ತೇನೆ, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೇನೆ. ಇದನ್ನು ಯಾರಿಗಾದರೂ ತೋರಿಸಿ "ಇಲ್ಲಿ ಏನೋ ಎಡವಟ್ಟಾಗಿದೆ, ನೋಡು" ಎನ್ನುವ ಆಸೆ. ನಿಮಗೆ ತೋರಿಸುತ್ತಿದ್ದೇನೆ.

ನನ್ನ ಪಾಡು ಇಷ್ಟು. ಮೂರು ಅಧ್ಯಾಯಗಳನ್ನು ಹಾಗೇ ಒಪ್ಪಿಸಿದ್ದರೆ ಪದವಿ ಬರುತ್ತಿತ್ತು, ರಟ್ಟಿನೊಳಗಿನ ಹಾಳೆಗಳನ್ನು ಮತ್ತೆ ಅಂಟಿಸಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಂಟನ್ನು ತರಿಸಿಯೂ ಇದ್ದೆ. ಎರಡು ದಿನ ಅದು ಮೇಜಿನ ಮೇಲಿತ್ತು. ನಿನ್ನೆ ಮಧ್ಯಾಹ್ನ ಮೂರು ಅಧ್ಯಾಯಗಳನ್ನೂ ಹರಿದು ತಟ್ಟೆಹಳಿಗೆ ಹಾಕಿದೆ, ರೊಟ್ಟಿಯ ತಟ್ಟೆಯೊಡನೆ ಉರುಳಿಕೊಂಡು ಹೋದವು. ಈಗ ಹೊಸದಾಗಿ ಬರೆಯಬೇಕು. ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಿಲ್ಲ, ಪೀಠಿಕೆ ಮೊದಲೋ ಕೊನೆಯೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ, ದಿನಕ್ಕೆರಡು ಪುಟದಂತೆ ಇಪ್ಪತ್ತನಾಲ್ಕು ದಿನಕ್ಕೆ ನಲವತ್ತೆಂಟು ಪುಟವಾಗುತ್ತದೆ, ಅಷ್ಟು ಸಾಲುವುದಿಲ್ಲ.

ನಮ್ಮಲ್ಲಿ ಕೃತಜ್ಞತೆಯ ಪುಟದಲ್ಲಿ ಒಂದು ಸಾಲು ಮೊದಲೇ ಅಚ್ಚಾಗಿರುತ್ತದೆ: "ನಾನು ಯಾರ ಸಹಾಯವನ್ನೂ ಪಡೆದಿರುವುದಿಲ್ಲ." ಅದರ ಕೆಳಗೆ ಸಹಿ ಮಾಡಬೇಕು, ಬೇರೇನಾದರೂ ಬರೆದರೆ ಪ್ರಬಂಧ ತಿರಸ್ಕೃತ. ನಾನು ಆ ಸಾಲನ್ನು ಹೊಡೆದುಹಾಕಿ ನಿಮ್ಮ ನಾಲ್ವರ ಹೆಸರನ್ನೂ ಬರೆದೆ. ಯಾರು ಯಾವುದಕ್ಕೆ ಎಂದೂ ಬರೆದೆ, ನಲವತ್ಮೂರು ಪುಟದ ಒತ್ತಕ್ಷರಗಳನ್ನೂ ಬಿಡಲಿಲ್ಲ. ಒಂದು ಪುಟ ಸಾಲದೆ ಎರಡಾಯಿತು. ಪ್ರಬಂಧದಲ್ಲಿ ಸದ್ಯಕ್ಕೆ ಇರುವುದು ಅವೆರಡೇ ಪುಟ. ನಿಮ್ಮದು ಬೈಂಡಿಂಗ್‌ಗೆ ಹೋಗುವ ಮುಂಚೆ ನೀವೂ ಬರೆಯಿರಿ.

ಇತಿ ನಿಮ್ಮ ಜೊತೆಯ ಸಂಶೋಧನಾ ವಿದ್ಯಾರ್ಥಿನಿ,
ಮಿಂಚವ್ವ ತೋರಣಗಟ್ಟಿ