ಎಲೆಗೆ ಹತ್ತಿದ ಪಾಚಿ

ಅಕ್ಕಾ,

ಕೊನೆಗೂ ನೀನೇ ಗೆದ್ದೆ. ಎಲೆಯ ಆಕಾರ ನೋಡಿ ಆ ಜರಿಗಿಡಕ್ಕೆ ಹಸಿರು ಗಿಡಗಳ ವಂಶವೃಕ್ಷದಲ್ಲಿ ನೀನು ಕೊಟ್ಟ ಜಾಗವೇ ಸರಿಯಂತೆ. ನನ್ನ ಡಿಎನ್‌ಎ ಪರೀಕ್ಷೆ ಅದನ್ನು ಬುಡದ ಕೊಂಬೆಗೆ ತಳ್ಳಿದಾಗ ಎಲ್ಲರೂ ನನ್ನನ್ನೇ ನಂಬಿದ್ದರು. ನನಗೂ ಹೊಟ್ಟೆ ತಣ್ಣಗಾಗಿತ್ತು.

ಇವತ್ತು ನನ್ನ ವಿದ್ಯಾರ್ಥಿನಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಿ ಬಂದಳು. "ಎಲೆಗೆ ಪಾಚಿ ಹತ್ತಿತ್ತು ಮೇಡಂ. ಅದನ್ನೂ ಸೇರಿಸಿ ಅರೆದುಬಿಟ್ಟಿದ್ದೀರ, ಪಾಚಿಯ ಡಿಎನ್‌ಎ ಗಿಡವನ್ನ ಬುಡಕ್ಕೆ ಎಳೆದಿದೆ. ತೊಳೆದು ಮಾಡಿದ್ರೆ ದೊಡ್ಡ ಮೇಡಂ ಹೇಳಿದ್ದೇ ಬರುತ್ತೆ."

ಸತ್ತು ಮೂರು ವರ್ಷವಾದರೂ ನೀನೇ ದೊಡ್ಡ ಮೇಡಂ.

"ನಿನಗೆ ಹೇಗೆ ಹೊಳೀತು?" ಅಂದೆ. ನೀನು ಅಂದು ಎಲೆ ಹಾಕಿ ಕಳಿಸಿದ್ದ ಲಕೋಟೆಯಿಂದ ಅವಳು ಒಂದು ಚೀಟಿ ತೆಗೆದಳು. ನಿನ್ನ ಅಕ್ಷರ: "ಪುಟ್ಟೀ, ಪಾಚಿ ಇದೆ, ತೊಳೆದು ಅರೆ."

ಮೊದಲ ಸಲ ನೋಡುವವಳಂತೆ ಕನ್ನಡಕ ಹಾಕಿಕೊಂಡು ಓದಿದೆ.

ಅಂದೇ ಓದಿದ್ದೆ, ಅಕ್ಕಾ.