ಹೊಸವರ್ಷಕ್ಕೆ ಹಾಕಿದ ಚಿಲಕ

ಬರೋಡ
೨೭ ನವೆಂಬರ್ ೧೯೬೬

ಪ್ರೀತಿಯ ಹೇಮಾ,

ನೀನು, ಶಂಕರನಾರಾಯಣರು, ಪುಟಾಣಿ ಪ್ರೇಮಾ ಎಲ್ಲರೂ ಸೂರತ್ತಿನಲ್ಲಿ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ದೀಪಾವಳಿಗೆ ಮೊದಲೇ ಕೈಸೇರಿತ್ತು. ಉತ್ತರ ತಡವಾಯಿತು, ಕೋಪಿಸಿಕೊಳ್ಳಬೇಡ. ಬರೆದು ಬರೆದು ಹರಿದು ಹಾಕುತ್ತಿದ್ದೆ. ಪ್ರತಿ ಸಲವೂ ಕ್ಷೇಮಸಮಾಚಾರಕ್ಕಿಂತ ಬೈಗುಳವೇ ಹೆಚ್ಚಾಗುತ್ತಿತ್ತು. ಇದರಲ್ಲೂ ಸ್ವಲ್ಪ ಉಳಿದಿರಬಹುದು.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಮನೆಯೊಡತಿ ಕಾಶಿಬೆನ್ ನನ್ನ ಕೈಲಿ ಕೋಣೆ ಖಾಲಿ ಮಾಡಿಸಿದರು. ಬಾಡಿಗೆಗಾಗಿ ಅಲ್ಲ, ಉಪ್ಪಿಗಾಗಿ. ನಗಬೇಡ. ಇಲ್ಲಿಯವರಿಗೆ ದೀಪಾವಳಿಯ ಮರುದಿನ ಹೊಸವರ್ಷ. ನಮಗೆ ಯುಗಾದಿಯಲ್ಲವೇ, ನನಗದು ತಲೆಗೇ ಹೋಗಿರಲಿಲ್ಲ. ನಾವಿಬ್ಬರೂ ಫತೇಗಂಜಿನ ಹಾಸ್ಟೆಲಿನಲ್ಲಿದ್ದಾಗ ಹಬ್ಬಕ್ಕೆ ಎಲ್ಲರೂ ಊರಿಗೆ ಹೋಗಿ, ಕಟ್ಟಡವೇ ಖಾಲಿಯಾಗಿ, ನಾನು ಸುಖವಾಗಿರುತ್ತಿದ್ದೆ. ಈ ಸಲ ಪಟಾಕಿ ಕೇಳಿ ಕೇಳಿ ತಲೆ ಸಿಡಿಯುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಒಬ್ಬ ಹೆಂಗಸು ‘ಸಬರಸ್, ಸಬರಸ್’ ಎಂದು ಕೂಗುತ್ತ ಬಾಗಿಲು ತಟ್ಟಿದಳು. ನೋಡಿದರೆ ಬುಟ್ಟಿ ತುಂಬ ಉಪ್ಪು. ‘ನಮ್ಮಲ್ಲಿ ಉಪ್ಪಿದೆ’ ಎಂದು ಹೇಳಿ ಬಾಗಿಲು ಹಾಕಿದೆ. ಇತ್ತಲ್ಲ, ಡಬ್ಬಿ ತುಂಬ ಇತ್ತು! ಹೊಸವರ್ಷದ ದಿನ ಎಲ್ಲಕ್ಕಿಂತ ಮೊದಲು ಮನೆಗೆ ಬರಬೇಕಾದ ಶುಭದ ಉಪ್ಪು ಅದು ಎಂದು ನನಗೆ ಯಾರು ಹೇಳಿದ್ದರು?

ಆಮೇಲೆ ಓಣಿಗೆ ಓಣಿಯೇ ‘ಸಾಲ್ ಮುಬಾರಕ್’ ಹೇಳಲು ಹೊರಟಿತು. ಆ ದಿನ ಯಾರೂ ಬಾಗಿಲು ಮುಚ್ಚುವುದಿಲ್ಲವಂತೆ. ನಾನು ಚಿಲಕ ಹಾಕಿ ಕಿವಿಗೆ ದಿಂಬು ಒತ್ತಿಕೊಂಡು ಕುಳಿತೆ. ಕಾಶಿಬೆನ್‌ರ ಅತ್ತೆ ಮಂಡಿನೋವಿನಲ್ಲೂ ಸಿಹಿಯ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದು, ತಟ್ಟಿ ತಟ್ಟಿ, ಅಳುತ್ತ ಇಳಿದುಹೋದರಂತೆ. ಮರುದಿನ ಕಾಶಿಬೆನ್ ಬಂದು ಮೆತ್ತಗೆ ಹೇಳಿದರು: ‘ನೀನು ಕೆಟ್ಟವಳಲ್ಲ ಬೆನ್. ಆದರೆ ನಮಗೆ ನೀನು ಬೇಡ.’

ನೀನಾಗಿದ್ದರೆ ಉಪ್ಪು ಕೊಂಡು, ಮುದುಕಿಯ ಕಾಲಿಗೆ ನಮಸ್ಕರಿಸಿ, ಅವರ ಮನೆಯಲ್ಲೇ ಊಟ ಮುಗಿಸಿ ಬರುತ್ತಿದ್ದೆ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಹೇಮಾ, ಮುಚ್ಚಿಟ್ಟು ಏನು ಪ್ರಯೋಜನ? ನೀನು ಜನ್ಮದಲ್ಲಿ ಮನೆ ಹುಡುಕಿದವಳಲ್ಲ. ಅಪ್ಪನ ಮನೆಯಿಂದ ಹಾಸ್ಟೆಲಿಗೆ, ಅಲ್ಲಿಂದ ಗಂಡನ ಬ್ಯಾಂಕಿನವರು ಕೊಟ್ಟ ಮನೆಗೆ. ‘ಎಲ್ಲರ ಜೊತೆ ನಗುನಗುತ್ತಾ ಇರು ನಾಗು, ಕೋಣೆ ತಾನಾಗೇ ಸಿಗತ್ತೆ’ ಎಂದು ಹಿಂದೊಮ್ಮೆ ಬರೆದಿದ್ದೆ. ಅದನ್ನೂ ಮಾಡಿ ನೋಡಿದೆ. ಫತೇಗಂಜಿನಲ್ಲಿ ಒಬ್ಬರು ಕೋಣೆ ತೋರಿಸುವಷ್ಟು ಹೊತ್ತೂ ನಗುತ್ತಲೇ ಇದ್ದೆ. ಅವರು ಹೆಂಡತಿಯನ್ನು ಕರೆದು ಪಿಸುಗುಟ್ಟಿದರು. ಕೋಣೆ ಬೇರೆಯವರಿಗೆ ಮಾತಾಗಿದೆ ಎಂದರು. ಅಲ್ಕಾಪುರಿಯಲ್ಲಿ ನಗಲಿಲ್ಲ. ಅಲ್ಲಿ ‘ನಿಮ್ಮವರು ಯಾರೂ ಇಲ್ಲವೇ?’ ಎಂದು ಕೇಳಿದರು.

ಇದ್ದಾನಲ್ಲ, ಮೈಸೂರಿನಲ್ಲಿ ಅಣ್ಣ ಬಾಲಚಂದ್ರ. ಅವನಿಗೂ ಬರೆದಿದ್ದೆ. ‘ನೀನು ಬಂದರೆ ಇವಳು ತವರಿಗೆ ಹೋಗ್ತಾಳಂತೆ. ಅಮ್ಮ ಇದ್ದಷ್ಟು ದಿನ ಸಹಿಸಿದ್ದಾಯಿತು’ ಎಂದು ಒಂದು ಕಾರ್ಡು ಹಾಕಿದ. ಸಂಜೆ ಆಫೀಸಿನಿಂದ ಹೊರಟಾಗ ಎಲ್ಲ ಟೈಪಿಸ್ಟರೂ ‘ಮನೆಗೆ’ ಎಂದು ಹೇಳಿ ಹೋಗುತ್ತಾರೆ. ಆ ಒಂದು ಮಾತು ಕೇಳಿದರೆ ಸಾಕು, ನನ್ನ ಮೈಯೆಲ್ಲ ಉರಿಯುತ್ತದೆ.

ಕಡೆಗೆ ಸ್ಟೇಷನ್ ಹತ್ತಿರ ಉಡುಪಿ ಹೋಟೆಲು ನಡೆಸುವ ದಾಮೋದರ ರಾಯರ ಹೆಂಡತಿ ಪದ್ಮಾವತಮ್ಮ ಕೈಹಿಡಿದರು. ‘ಹಿಂದೆ ಒಂದು ಕೋಣೆ ಉಂಟು. ಬೆಳಿಗ್ಗೆ ರುಬ್ಬುವ ಸದ್ದು ಮಾತ್ರ ಜೋರು, ಆಗ್ತದಾ?’ ಎಂದರು.

‘ದಿನಾ ಅದೇ ಹೊತ್ತಿಗಾ?’ ಎಂದೆ.

‘ಮತ್ತೆ? ಹೋಟೆಲಲ್ವಾ!’

‘ಹಾಗಾದ್ರೆ ಆಗತ್ತೆ. ಮಾತಾಡಿಸೋಕೆ ಯಾರಾದ್ರೂ ಬರ್ತಾರಾ?’

‘ನಮಗೆ ಪುರುಸೊತ್ತು ಎಲ್ಲಿಂದ ಮಾರಾಯ್ತಿ!’

ಆ ಮಾತಿಗೆ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು; ನಾನು ಯಾರನ್ನೂ ತಬ್ಬುವವಳಲ್ಲ, ನಿನಗೇ ಗೊತ್ತು. ಸದ್ದು ಜೋರೇ. ಆದರೆ ಬರುವುದು ಗೊತ್ತಿರುವ ಸದ್ದು, ಹೆದರಿಕೆಯಿಲ್ಲ. ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ. ಒಂದೇ ಕೊರತೆ, ಶಿವರಾತ್ರಿಗೆ ಅವರ ತಮ್ಮನ ಸಂಸಾರ ಊರಿನಿಂದ ಬರುತ್ತದೆ. ಅಷ್ಟರಲ್ಲಿ ಮತ್ತೆ ನನ್ನ ಟ್ರಂಕು ಎತ್ತಬೇಕು.

ಪ್ರೇಮಾಳಿಗೆ ನನ್ನ ಆಶೀರ್ವಾದ. ಅವಳು ಯಾರ ಬಾಗಿಲಿಗೆ ಹೋದರೂ ಒಳಗೆ ಕರೆಯುವವರು ಇರಲಿ. ನಿಮ್ಮವರಿಗೆ ನಮಸ್ಕಾರ ತಿಳಿಸು.

ಇಂತು ನಿನ್ನ
ನಾಗವೇಣಿ

ತಾ.ಕ.: ನಿಮ್ಮವರ ಬ್ಯಾಂಕಿಗೆ ಹೊಸದಾಗಿ ಸೇರಿದ ಸರಸ್ವತಿ ಹೋದ ವಾರ ಇಲ್ಲಿಗೆ ಬಂದಿದ್ದಳು. ಹೋಟೆಲಿನಲ್ಲಿ ನನ್ನೆದುರಿಗೇ ಕುಳಿತು ಊಟ ಮಾಡಿದಳು. ಒಳ್ಳೆಯ ಹುಡುಗಿ, ಬಾಯ್ತುಂಬ ಮಾತು. ಜೂನ್ ತಿಂಗಳಿನಿಂದ ನಿಮ್ಮ ಮಹಡಿಯ ಕೋಣೆಯಲ್ಲಿದ್ದಾಳಂತೆ. ‘ನಾನು ಕೇಳೇ ಇರಲಿಲ್ಲ, ಹೇಮಕ್ಕನೇ ಬಲವಂತ ಮಾಡಿ ಇರಿಸಿಕೊಂಡರು, ವರ್ಷದಿಂದ ಖಾಲಿ ಬಿದ್ದಿತ್ತಂತೆ’ ಎಂದಳು. ಏಪ್ರಿಲ್‌ನಲ್ಲಿ ನಾನು ಸೂರತ್ತಿಗೆ ವರ್ಗ ಕೇಳಿಕೊಳ್ಳಲೇ, ಬಾಡಿಗೆ ಕೊಟ್ಟು ನಿನ್ನ ಮನೆಯಲ್ಲಿರಲೇ ಎಂದು ಬರೆದಿದ್ದೆ. ಮನೆ ಚಿಕ್ಕದು, ಮಹಡಿ ಇಲ್ಲ ಎಂದು ನೀನು ಉತ್ತರ ಬರೆದೆ. ನಾನು ಮರುಮಾತಿಲ್ಲದೆ ನಂಬಿದೆ. ಯಾರು ಏನು ಹೇಳಿದರೂ ನಾನು ಹಾಗೇ ನಂಬಿಬಿಡುತ್ತೇನೆಂದು ತಿಳಿದವಳು ನೀನೊಬ್ಬಳೇ ಇದ್ದೆ ಹೇಮಾ.