ತಗಡಿನ ಬಸ್ಸಿಗೆ ಹಚ್ಚಿದ ಬೆಂಕಿ

ಭಾವನವರಿಗೆ,

ಮೊದಲು 'ಪ್ರೀತಿಯ' ಎಂದು ಬರೆದಿದ್ದೆ, ಹೊಡೆದುಹಾಕಿದೆ. ನೀವು ಅಕ್ಕನ ಗಂಡ ಎಂಬುದನ್ನು ಬದಲಿಸುವುದು ನನ್ನಿಂದಾಗದ ಮಾತು, ಅದಕ್ಕೇ ಅಷ್ಟನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ನಿಮ್ಮ ಹಳೇ ವಸ್ತು ಸಂಗ್ರಾಹಕರ ಕೂಟದ ಸುಳ್ಳುಗಳಿಗೆ ನಾನೂ ನಕ್ಕವಳೇ. ಗಡಿಯಾರದವರು ತಮ್ಮ ಕೈಗಡಿಯಾರ ಮುಳುಗಿದ ಹಡಗಿನ ಕಪ್ತಾನನದು ಎನ್ನುತ್ತಿದ್ದರು. ಪೆನ್ನಿನವರ ಪೆನ್ನು ಯಾವುದೋ ಯುದ್ಧವನ್ನು ನಿಲ್ಲಿಸಿದ್ದಂತೆ; ಯಾವ ಯುದ್ಧ ಎಂಬುದು ಮಾತ್ರ ಕೇಳುವವರನ್ನು ನೋಡಿಕೊಂಡು ಬದಲಾಗುತ್ತಿತ್ತು. "ಕಥೆ ಇಲ್ಲದಿದ್ರೆ ಗುಜರಿ, ಕಥೆ ಇದ್ರೆ ಇತಿಹಾಸ" ಎಂದು ನೀವು ಕಣ್ಣು ಹೊಡೆದಾಗ, ಇದೊಂದು ದೊಡ್ಡವರ ಆಟ, ಆಡಿಕೊಳ್ಳಲಿ ಬಿಡು ಎಂದುಕೊಂಡಿದ್ದೆ.

ಆ ತಗಡಿನ ಆಟಿಕೆ ಬಸ್ಸು ನನ್ನದು. ಅಮ್ಮನ ಮನೆ ಖಾಲಿ ಮಾಡಿದಾಗ ನಿಮ್ಮ ಆಸೆಗಣ್ಣು ನೋಡಿ ನಾನೇ ಕೊಟ್ಟದ್ದು. ಕೆಂಪು ಬಣ್ಣ, ಮುಂದಿನ ಎಡಮೂಲೆ ನೆಗ್ಗಿದೆ; ಅಕ್ಕ ನನ್ನ ಮೇಲಿನ ಸಿಟ್ಟಿಗೆ ಮೆಟ್ಟಿಲ ಮೇಲಿಂದ ಎಸೆದದ್ದು. ಇದೆಲ್ಲ ನಿಮಗೆ ಹೇಳಿಯೇ ಕೊಟ್ಟಿದ್ದೆ. ಆಮೇಲೊಂದು ದಿನ ಅಕ್ಕ ಫೋನಿನಲ್ಲಿ ನಗುತ್ತಾ, "ನಿಮ್ಮ ಭಾವ ಇಕ್ಕಳದಲ್ಲಿ ನಿನ್ನ ಬಸ್ಸು ಹಿಡ್ಕೊಂಡು ಗ್ಯಾಸ್ ಒಲೆ ಮೇಲೆ ಸುಡ್ತಾ ಇದಾರೆ ಕಣೇ, ಮನೆಯೆಲ್ಲಾ ಕಮಟು ನಾತ" ಎಂದಳು. ಇಬ್ಬರೂ ನಕ್ಕೆವು. ಏಕೆ ಸುಟ್ಟಿರಿ ಎಂಬುದು ತಿಳಿದದ್ದು ನಿಮ್ಮ ಕೂಟದ ಪ್ರದರ್ಶನದಲ್ಲಿ. ಗಾಜಿನ ಪೆಟ್ಟಿಗೆಯೊಳಗೆ ಮಸಿ ಹಿಡಿದ ನನ್ನ ಬಸ್ಸು, ಪಕ್ಕದಲ್ಲೊಂದು ಚೀಟಿ: 'ಅನಾಥಾಲಯದ ಬೆಂಕಿ ದುರಂತದಲ್ಲಿ ಅಸುನೀಗಿದ ಬಾಲಕನ ಮುಷ್ಟಿಯಲ್ಲಿ ದೊರೆತದ್ದು.' ನಾನು ನಿಮ್ಮನ್ನು ಕಂಬದ ಮರೆಗೆ ಕರೆದು ಕೇಳಿದೆ. "ಸತ್ತೋರು ಬಂದು ಕೇಳ್ತಾರಾ? ಯಾರಿಗೇನು ನಷ್ಟ?" ಎಂದಿರಿ. ನಾನು ಅಲ್ಲಿಂದ ಹೊರಟು ಬಂದೆ.

ಸತ್ತವರು ಬರಲಿಲ್ಲ ಭಾವ. ಸತ್ತವನ ಅಕ್ಕ ಬಂದಳು.

ಕಳೆದ ವಾರ ನಮ್ಮ ಕನ್ನಡಕದ ಅಂಗಡಿಗೆ ಒಬ್ಬ ಅಜ್ಜಿ ಬಂದರು. ಹಳೆಯ ಕನ್ನಡಕದ ಕಡ್ಡಿಗೆ ದಾರ ಸುತ್ತಿತ್ತು. ಅಕ್ಷರದ ಹಲಗೆ ಓದಿಸುತ್ತಾ, ಹತ್ತಿರದ್ದು ಕಾಣಬೇಕೋ ದೂರದ್ದೋ ಎಂದು ಕೇಳಿದೆ. "ಹತ್ತಿರದ್ದೇ ಮಗಳೇ. ಒಂದು ಬಸ್ಸು ನೋಡ್ಬೇಕು" ಎಂದರು. ಅವರ ಅಪ್ಪ ಅಮ್ಮ ತೀರಿಕೊಂಡಾಗ ಇವರನ್ನು ಚಿಕ್ಕಮ್ಮ ಇಟ್ಟುಕೊಂಡರಂತೆ, ತಮ್ಮನನ್ನು ಅನಾಥಾಲಯಕ್ಕೆ ಬಿಟ್ಟರಂತೆ. ಬೆಂಕಿಯ ನಂತರ ಗುರುತಿಗೆ ಅವನ ಅಂಗಿಯದೊಂದು ಗುಂಡಿಯೂ ಸಿಗಲಿಲ್ಲವಂತೆ. "ಈಗ ಒಬ್ಬ ಪುಣ್ಯಾತ್ಮ ಅವನ ಬಸ್ಸು ಕಾಪಾಡಿಟ್ಟಿದಾನೆ, ಪ್ರದರ್ಶನ ನೋಡಿದೋರು ಹೇಳಿದ್ರು, ಹೋದೆ. 'ಹೌದಮ್ಮ, ನಿಮ್ಮ ತಮ್ಮಂದೇ' ಅಂತ ನನ್ನ ಕೈಗೆ ಕೊಟ್ಟ. ಭಾನುವಾರ ಅವನ ಮನೆಗೆ ಜನ ಬಂದಾಗ ನನ್ನನ್ನೂ ಕುರ್ಚಿ ಹಾಕಿ ಕೂರಿಸ್ತಾನೆ, ತಮ್ಮನ ವಿಷಯ ಹೇಳು ಅಂತಾನೆ. ಬಲು ಒಳ್ಳೇ ಮನುಷ್ಯ."

ಉರಿಯುವ ಮನೆಯಿಂದ ಗಳ ಹಿರಿಯುವವರನ್ನು ಗಾದೆಯಲ್ಲಿ ಕೇಳಿದ್ದೆ. ಅಂಥವರ ಜೊತೆ ಕೂತು ಉಂಡಿದ್ದೇನೆಂದು ಆಗ ತಿಳಿಯಿತು. ಆ ಕುರ್ಚಿಯನ್ನು ಎಲ್ಲಿ ಹಾಕುತ್ತೀರಿ ಭಾವ? ಗಾಜಿನ ಪೆಟ್ಟಿಗೆಯ ಪಕ್ಕದಲ್ಲೇ? ಬಸ್ಸಿಗೊಂದು ಚೀಟಿ ಅಂಟಿಸಿದಂತೆ ಅವರನ್ನೂ ಅಂಟಿಸಿಕೊಂಡಿರಾ?

ನಾನು ಅಂಗಡಿಯ ಬಾಗಿಲು ಮುಂದೆ ಮಾಡಿ, ಅವರ ಪಕ್ಕ ಕೂತು ಎಲ್ಲ ಹೇಳಿದೆ. ಮೆಟ್ಟಿಲು, ಅಕ್ಕನ ಸಿಟ್ಟು, ಇಕ್ಕಳ, ಒಲೆ. ಅವರು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ದಾರ ಸುತ್ತಿದ ಕಡ್ಡಿಯನ್ನು ಬೆರಳಲ್ಲಿ ತಿರುಗಿಸುತ್ತಾ, "ಹಾಗಾದ್ರೆ ಅವನ ಕೈಯಲ್ಲಿ ಏನೂ ಇರ್ಲಿಲ್ವಾ?" ಎಂದರು.

ಇದಕ್ಕೆ ಉತ್ತರ ನಿಮ್ಮ ಬಳಿ ಇದ್ದೀತು. ನಿಮ್ಮ ಬಳಿ ಯಾವಾಗಲೂ ಇರುತ್ತದೆ.

ವಿಷಯ ತಿಳಿಸಲು ಅಕ್ಕನಿಗೆ ಫೋನ್ ಮಾಡಿದರೆ ನೀವು ಕಿತ್ತುಕೊಂಡು ಕೂಗಾಡಿದಿರಿ. "ಮುದುಕಿಗೆ ನೆಮ್ಮದಿ ಕೊಟ್ಟಿದ್ದೆ ನಾನು. ನೀನು ಕಿತ್ಕೊಂಡೆ. ಯಾರೇ ಪಾಪಿ?" ಆ ಮಾತು ನನ್ನನ್ನು ಎರಡು ದಿನ ತಿಂದಿತು, ಸುಳ್ಳೇಕೆ ಹೇಳಲಿ. ಅಜ್ಜಿಯ ಮುಖದಿಂದ ಏನೋ ಇಳಿದುಹೋದದ್ದನ್ನು ಕಣ್ಣಾರೆ ಕಂಡವಳು ನಾನು. ಆದರೆ ಅದೇ ಉಸಿರಿನಲ್ಲಿ ನೀವು, "ಮುಂದಿನ ತಿಂಗಳು ಹೊರಗಿನ ಕೂಟದವರು ಬರ್ತಿದ್ರು, ಅವ್ರ ಮುಂದೆ ಕೂರಿಸೋದಿತ್ತು" ಎಂದಿರಲ್ಲ, ಅಲ್ಲಿಗೆ ನನ್ನ ಅನುಮಾನ ತೀರಿತು. ನಿಮ್ಮ ನೆಮ್ಮದಿಯ ದಾನಕ್ಕೆ ಥೂ ಎನ್ನದೆ ಬೇರೇನು ಅನ್ನಲಿ?

ಇವತ್ತು ಅಜ್ಜಿ ಹೊಸ ಕನ್ನಡಕ ಒಯ್ಯಲು ಬಂದಿದ್ದರು. ಹಾಕಿಕೊಂಡು ತಮ್ಮ ಅಂಗೈಯನ್ನೇ ಬಹಳ ಹೊತ್ತು ನೋಡಿಕೊಂಡರು. ಆಮೇಲೆ, "ಭಾನುವಾರ ಹೋಗ್ತೀನಿ. ನೀನು ಹೇಳಿದ್ದು ಸಾಕು ಮಗಳೇ. ಅವನ ಬಾಯಿಂದ ಕೇಳ್ಬೇಕು" ಎಂದರು. ಜೊತೆಗೆ ಬರಲೇ ಎಂದರೆ ಬೇಡವೆಂದರು. ಅಕ್ಕನಿಗೂ ತಿಳಿಸಿದ್ದೇನೆ, ಬಾಗಿಲು ಅವಳೇ ತೆಗೆಯುತ್ತಾಳಂತೆ.

ಇನ್ನು ನಿಮ್ಮ ಮನೆಗೆ ನಾನು ಬರುವುದು ಅಕ್ಕನಿಗಾಗಿ ಮಾತ್ರ. ನಿಮಗೆ ಕೆಟ್ಟದ್ದಾಗಲಿ ಎಂದು ಶಪಿಸಲಾರೆ, ನೂರು ವರ್ಷ ಬಾಳಿ. ಭಾನುವಾರ ಆ ಅಜ್ಜಿ ಎದುರಿಗೆ ಕೂತು ನಿಮ್ಮ ಮುಖ ನೋಡುವಾಗ, ಒಂದೇ ಒಂದು ಸಲ, ನಿಮಗೆ ಯಾವ ಕಥೆಯೂ ಹೊಳೆಯದಿರಲಿ.

ಇಂತು,
ನಿಮ್ಮ ಹೆಂಡತಿಯ ತಂಗಿ